ಮಕ್ಕಳ ತಂಡಗಳಿಗೆ ಒಂದು ಗಂಟೆಯ ಯೋಗದ ಆಟ: ನಡೆಸುವುದು ಹೇಗೆ?

ಮೊದಲ ಸಲ ಮಕ್ಕಳಿಗೆ ಯೋಗದ ಸ್ಪರ್ಧೆ ಇಟ್ಟಾಗ ನಾನು ತುಂಬಾ ಸುಲಭದ ನಿಯಮ ಮಾಡಿದ್ದೆ. ಎಲ್ಲರೂ ವೃಕ್ಷಾಸನದಲ್ಲಿ ಒಂಟಿ ಕಾಲಲ್ಲಿ ನಿಲ್ಲಬೇಕು, ಕಾಲು ಕೆಳಗಿಟ್ಟವರು ಔಟ್, ಕೊನೆಗೆ ಉಳಿದವರು ಗೆದ್ದ ಹಾಗೆ. 24 ಮಕ್ಕಳು ಶುರು ಮಾಡಿದರು. ಅರ್ಧ ನಿಮಿಷ ಆಗುವುದರೊಳಗೆ ಹತ್ತು ಮಕ್ಕಳು ಔಟಾಗಿ ಗೋಡೆಗೆ ಒರಗಿ ಕೂತರು. ಎರಡು ನಿಮಿಷಕ್ಕೆ ಮೂವರು ಉಳಿದರು, ಮೂವರೂ ಮೊದಲಿನಿಂದ ಡ್ಯಾನ್ಸ್ ಕಲಿಯುತ್ತಿದ್ದವರು. ಅವರೂ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಮುಖ ಕೆಂಪು ಮಾಡಿಕೊಂಡು ನಿಂತಿದ್ದರು. ಗೋಡೆಯ ಪಕ್ಕದ ಮಕ್ಕಳು ಅಷ್ಟು ಹೊತ್ತಿಗೆ ಬೇರೆ ಏನೋ ಆಟ ಶುರು ಮಾಡಿಕೊಂಡಿದ್ದರು. ಯೋಗ ಯಾರಿಗೆ ಹೆಚ್ಚು ಬೇಕಿತ್ತೋ, ಅಂದರೆ ಬೇಗ ಜೋಲಿ ತಪ್ಪುವ ಮಕ್ಕಳಿಗೆ, ಅವರಿಗೇ ನನ್ನ ಆಟದಲ್ಲಿ ಎಲ್ಲಕ್ಕಿಂತ ಕಡಿಮೆ ಹೊತ್ತು ಸಿಕ್ಕಿತ್ತು.

ಅಂದಿನಿಂದ ಎರಡು ನಿಯಮ ಬದಲಾಗಿಲ್ಲ. ಯಾರೂ ಔಟ್ ಆಗುವುದಿಲ್ಲ. ಪಾಯಿಂಟ್ ಬರುವುದು ತಂಡಕ್ಕೆ ಮಾತ್ರ, ಒಬ್ಬೊಬ್ಬರಿಗೆ ಇಲ್ಲ. ಇವೆರಡು ಇದ್ದರೆ ಉಳಿದದ್ದನ್ನೆಲ್ಲ ನಿಮ್ಮ ಮಕ್ಕಳಿಗೆ, ನಿಮ್ಮ ಜಾಗಕ್ಕೆ ತಕ್ಕ ಹಾಗೆ ತಿದ್ದಿಕೊಳ್ಳಬಹುದು. ನಾನು ಹೇಗೆ ನಡೆಸುತ್ತೇನೆ ಅಂತ ಮೊದಲಿನಿಂದ ಕೊನೆಯವರೆಗೆ ಬರೆದಿದ್ದೇನೆ. 6ರಿಂದ 12 ವರ್ಷದ ಮಕ್ಕಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಮೊದಲು ಮಾಡಿಕೊಳ್ಳಬೇಕಾದ್ದು

ಮಕ್ಕಳು 20ರಿಂದ 24 ಇದ್ದರೆ ನಾಲ್ಕು ತಂಡ ಮಾಡಿ. ಒಂದು ತಂಡಕ್ಕೆ ಐದು ಅಥವಾ ಆರು ಜನ. ಎಂಟು ಜನರ ತಂಡವನ್ನೂ ಮಾಡಿ ನೋಡಿದ್ದೇನೆ, ಅದರಲ್ಲಿ ಇಬ್ಬರು ಯಾವಾಗಲೂ ಹಿಂದೆ ಸರಿದು ಸುಮ್ನೆ ನಿಂತುಬಿಡುತ್ತಾರೆ. ಹತ್ತು ಮಕ್ಕಳಿಗೆ ಒಬ್ಬರಂತೆ ದೊಡ್ಡವರು ಇರಲಿ. ಅವರಿಗೆ ಯೋಗ ಗೊತ್ತಿರಲೇಬೇಕು ಅಂತಿಲ್ಲ, ಆದರೆ ಯಾವ ಆಸನದಲ್ಲಿ ಏನು ಮಾಡಬಾರದು ಅನ್ನುವುದು ಗೊತ್ತಿರಬೇಕು. ಅದನ್ನು ಮುಂದೆ ಹೇಳುತ್ತೇನೆ.

ಹೊಟ್ಟೆ ತುಂಬಿರುವಾಗ ಬೇಡ. ಊಟ ಆಗಿ ಮೂರು ಗಂಟೆ, ಸಣ್ಣ ತಿಂಡಿಯಾದರೆ ಒಂದೂವರೆ ಗಂಟೆಯಾದರೂ ಕಳೆದಿರಲಿ. ಬೆಳಗ್ಗೆ ಅಥವಾ ಸಂಜೆಗೆ ಸ್ವಲ್ಪ ಮೊದಲು ಇಟ್ಟುಕೊಂಡರೆ ಈ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ನೀರು ಪಕ್ಕದಲ್ಲಿರಲಿ, ಬಾಯಾರಿದವರು ಗುಟುಕು ಗುಟುಕಾಗಿ ಕುಡಿಯಲಿ.

ಬರಿಗಾಲಲ್ಲೇ ಆಡಬೇಕು. ಸಾಕ್ಸ್ ಹಾಕಿಕೊಂಡು ನುಣುಪಾದ ನೆಲದ ಮೇಲೆ ಒಂಟಿ ಕಾಲಲ್ಲಿ ನಿಂತರೆ ಜಾರುವುದು ಖಂಡಿತ. ಸರ, ಬಳೆ, ವಾಚು ತೆಗೆಸಿಡಿ, ಉದ್ದ ಕೂದಲಿದ್ದರೆ ಕಟ್ಟಿಸಿ. ಒಬ್ಬ ಮಗು ಎರಡೂ ಕೈ ಅಗಲಿಸಿ ಒಂದು ಸುತ್ತು ತಿರುಗಿದರೆ ಯಾರಿಗೂ, ಯಾವ ಮೇಜಿನ ಮೂಲೆಗೂ ತಗುಲಬಾರದು, ಅಷ್ಟು ಜಾಗ ಬೇಕು. ಮ್ಯಾಟ್ ಎಲ್ಲರಿಗೂ ಇಲ್ಲದಿದ್ದರೆ ಚಿಂತೆಯಿಲ್ಲ. ನಿಂತು ಮಾಡುವ ಆಸನಗಳಿಗೆ ಗಟ್ಟಿ ನೆಲವೇ ಒಳ್ಳೆಯದು, ಮೆತ್ತನೆಯ ಹಾಸಿನ ಮೇಲೆ ಜೋಲಿ ಇನ್ನೂ ಜಾಸ್ತಿ ತಪ್ಪುತ್ತದೆ. ಕೂತು, ಮಲಗಿ ಮಾಡುವುದಕ್ಕೆ ಮಾತ್ರ ಏನಾದರೂ ಹಾಸಿ.

ಇನ್ನೊಂದು ಕೆಲಸವನ್ನು ಎರಡು ದಿನ ಮೊದಲೇ ಮಾಡಿ. ಮಕ್ಕಳ ಮನೆಯವರನ್ನು ಕೇಳಿ: ಇತ್ತೀಚೆಗೆ ಕೈಕಾಲು ಮುರಿದಿತ್ತಾ, ಆಸ್ತಮಾ ಇದೆಯಾ, ಮೂರ್ಛೆ ರೋಗ ಇದೆಯಾ, ಹೃದಯದ ತೊಂದರೆ ಇದೆಯಾ, ಈಗ ಕಿವಿ ನೋವು ಇದೆಯಾ. ಕಿವಿ ಯಾಕೆ ಅಂತ ಕೆಲವರು ಕೇಳುತ್ತಾರೆ. ನಮ್ಮ ಜೋಲಿ ಕಾಯುವ ಒಂದು ಅಂಗ ಇರುವುದು ಒಳಗಿವಿಯಲ್ಲಿ. ಅಲ್ಲಿ ಸೋಂಕು ಆಗಿದ್ದರೆ ಆ ಮಗುವಿಗೆ ತಲೆ ತಿರುಗಬಹುದು, ಆ ದಿನ ಅದು ಬೇಕಂತ ಬೀಳುತ್ತಿಲ್ಲ ಅನ್ನುವುದು ನಿಮಗೆ ಗೊತ್ತಿರಬೇಕು, ಅಲ್ವಾ? ಆಸ್ತಮಾ ಇರುವ ಮಗು ಇನ್‌ಹೇಲರ್ ತಂದಿರಲಿ. ಜ್ವರ ಇದ್ದವರು ಆ ದಿನ ನೋಡಲು ಮಾತ್ರ ಬರಲಿ, ಅಥವಾ ಮನೆಯಲ್ಲೇ ಇರಲಿ.

ತಂಡ ಮಾಡುವುದು

ಇಬ್ಬರು ನಾಯಕರನ್ನು ನಿಲ್ಲಿಸಿ ‘ನಿಮಗೆ ಬೇಕಾದವರನ್ನು ಆರಿಸಿಕೊಳ್ಳಿ’ ಅನ್ನಬೇಡಿ, ದಯವಿಟ್ಟು. ಕೊನೆಗೆ ಉಳಿಯುವ ಮಗು ಯಾವುದು ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಆ ಮಗುವಿಗೂ ಗೊತ್ತಿರುತ್ತದೆ. ಎಲ್ಲರನ್ನೂ ಎತ್ತರದ ಪ್ರಕಾರ ಒಂದೇ ಸಾಲಲ್ಲಿ ನಿಲ್ಲಿಸಿ, ಒಂದು ಕೊನೆಯಿಂದ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ಎಲ್ಲ ‘ಒಂದು’ಗಳು ಒಂದು ತಂಡ, ಎಲ್ಲ ‘ಎರಡು’ಗಳು ಇನ್ನೊಂದು ತಂಡ. ಆಗ ಪ್ರತಿ ತಂಡದಲ್ಲೂ ಚಿಕ್ಕವರು ದೊಡ್ಡವರು ಬೆರೆಯುತ್ತಾರೆ, ಪಕ್ಕಪಕ್ಕ ನಿಂತಿದ್ದ ಜೀವದ ಗೆಳೆಯರು ಬೇರೆ ಬೇರೆ ತಂಡಕ್ಕೆ ಹೋಗುತ್ತಾರೆ.

ತಂಡದ ಹೆಸರನ್ನು ಆಸನಗಳಿಂದಲೇ ಕೊಡಿ. ಎಷ್ಟೊಂದು ಪ್ರಾಣಿಗಳಿವೆ ನೋಡಿ. ಮಂಡೂಕಾಸನದ ಕಪ್ಪೆ, ಶಶಾಂಕಾಸನದ ಮೊಲ, ಮತ್ಸ್ಯಾಸನದ ಮೀನು, ಉಷ್ಟ್ರಾಸನದ ಒಂಟೆ, ಗರುಡಾಸನದ ಹದ್ದು, ಭುಜಂಗಾಸನದ ಹಾವು, ಮಾರ್ಜಾಲಾಸನದ ಬೆಕ್ಕು, ಸಿಂಹಾಸನದ ಸಿಂಹ. ಹೆಸರನ್ನು ಚೀಟಿಯಲ್ಲಿ ಬರೆದು ಎತ್ತಿಸಿ. ಎಲ್ಲರಿಗೂ ಸಿಂಹವೇ ಬೇಕು, ಕಪ್ಪೆ ಯಾರಿಗೂ ಬೇಡ, ಅದಕ್ಕೇ ಚೀಟಿ. ಆಮೇಲೆ ಪ್ರತಿ ತಂಡಕ್ಕೂ ಎರಡು ನಿಮಿಷ ಕೊಡಿ, ತಮ್ಮ ಪ್ರಾಣಿಯ ಒಂದು ಕೂಗು ಮತ್ತು ಒಂದು ನಿಲುವು ಮಾಡಿಕೊಳ್ಳಲಿ. ಒಲ್ಲದ ಮನಸ್ಸಿನಿಂದ ಕಪ್ಪೆಯಾದ ತಂಡವೇ ಎರಡು ನಿಮಿಷದಲ್ಲಿ ಎಲ್ಲರಿಗಿಂತ ಜೋರಾಗಿ ವಟಗುಟ್ಟುತ್ತಿರುತ್ತದೆ.

ನಾಯಕರು ಪ್ರತಿ ಸುತ್ತಿಗೂ ಬದಲಾಗಲಿ. ನಾಚಿಕೆಯ ಮಗುವನ್ನು ಮೊದಲ ಸುತ್ತಿಗೇ ನಾಯಕ ಮಾಡಬೇಡಿ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಮಾಡಿ, ಅಷ್ಟರಲ್ಲಿ ಅದಕ್ಕೂ ಧೈರ್ಯ ಬಂದಿರುತ್ತದೆ.

ಪಾಯಿಂಟ್ ಕೊಡುವ ರೀತಿ

ಇಡೀ ಆಟ ಯಾವ ದಾರಿ ಹಿಡಿಯುತ್ತದೆ ಅನ್ನುವುದು ಇಲ್ಲೇ ತೀರ್ಮಾನ ಆಗುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾರು ಜಾಸ್ತಿ ಬಗ್ಗುತ್ತಾರೆ ಅಂತ ಪಾಯಿಂಟ್ ಕೊಟ್ಟರೆ ಮಕ್ಕಳು ಮೈಯನ್ನು ಎಳೆದಾಡುತ್ತಾರೆ. ಯಾರು ಜಾಸ್ತಿ ಹೊತ್ತು ನಿಲ್ಲುತ್ತಾರೆ ಅಂತ ಕೊಟ್ಟರೆ ಉಸಿರು ಕಟ್ಟುತ್ತಾರೆ. ಯಾರು ಬೇಗ ಮಾಡುತ್ತಾರೆ ಅಂತ ಕೊಟ್ಟರೆ ಆಸನ ಅನ್ನುವುದೇ ಉಳಿಯುವುದಿಲ್ಲ, ಕೈಕಾಲು ಬೀಸುವುದು ಉಳಿಯುತ್ತದೆ. ನೀವು ಯಾವುದಕ್ಕೆ ಪಾಯಿಂಟ್ ಕೊಡುತ್ತೀರೋ ಮಕ್ಕಳು ಅದನ್ನೇ ಮಾಡುತ್ತಾರೆ, ಅವರ ತಪ್ಪಿಲ್ಲ.

ಪತಂಜಲಿಯ ಯೋಗಸೂತ್ರದಲ್ಲಿ ಆಸನದ ಬಗ್ಗೆ ಮೂರೇ ಪದದ ಒಂದು ಸೂತ್ರ ಇದೆ, ‘ಸ್ಥಿರಸುಖಮಾಸನಮ್’. ಅಲುಗದೆ ಇರಬೇಕು, ಹಾಯಾಗಿಯೂ ಇರಬೇಕು, ಅದು ಆಸನ. ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ. ಅದನ್ನು ಮಕ್ಕಳ ಭಾಷೆಗೆ ಇಳಿಸಿ ಪ್ರತಿ ಸುತ್ತಿಗೆ 5 ಪಾಯಿಂಟ್ ಮಾಡಿಕೊಂಡಿದ್ದೇನೆ. ತಂಡದ ಎಲ್ಲರೂ ಉಸಿರಾಡುತ್ತಿದ್ದಾರಾ, 2. ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸಿದರಾ, 2. ಮುಖ ಸಡಿಲವಾಗಿದೆಯಾ, ಅಂದರೆ ಹಲ್ಲು ಕಚ್ಚಿಲ್ಲ, ಹುಬ್ಬು ಗಂಟಿಕ್ಕಿಲ್ಲ, 1. ಬಿದ್ದರೆ ಪಾಯಿಂಟ್ ಹೋಗುವುದಿಲ್ಲ. ಎದ್ದು ಮತ್ತೆ ಸೇರಿಕೊಂಡರೆ ಆಯಿತು. ಬಿದ್ದವರನ್ನು ಆಡಿಕೊಂಡು ನಕ್ಕರೆ ಮಾತ್ರ ನಕ್ಕವರ ತಂಡದಿಂದ ಒಂದು ಪಾಯಿಂಟ್ ಕಳೆಯುತ್ತೇನೆ, ಇಡೀ ಆಟದಲ್ಲಿ ಕಳೆಯುವುದು ಇದೊಂದಕ್ಕೇ. ಇದನ್ನು ಶುರುವಿನಲ್ಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಡಿ. ಆದರೂ ಪ್ರತಿ ಸಲ ಒಬ್ಬರಾದರೂ ಬಂದು ‘ಅಕ್ಕಾ, ಬಿದ್ದೆ, ಔಟಾ?’ ಅಂತ ಕೇಳುತ್ತಾರೆ. ‘ಇಲ್ಲ ಪುಟ್ಟಾ, ಹೋಗಿ ನಿಲ್ಲು’ ಅಂದಾಗ ಆ ಮುಖ ನೋಡಬೇಕು.

ಉಸಿರಾಟವನ್ನು ಹೇಗೆ ಗುರುತಿಸುವುದು ಅಂದರೆ, ನಡುವೆ ಒಂದು ಪ್ರಶ್ನೆ ಕೇಳಿ. ‘ನಿಮ್ಮ ತಂಡದ ಹೆಸರೇನು?’ ಸರಾಗವಾಗಿ ಉತ್ತರ ಬಂದರೆ ಉಸಿರು ಓಡಾಡುತ್ತಿದೆ. ಮೂಗಿನಲ್ಲಿ ಗೊಣಗಿದರೆ ಕಟ್ಟಿದ್ದಾರೆ.

ಮೈ ಬಿಸಿ ಮಾಡುವುದು

ಹತ್ತು ನಿಮಿಷ ಸಾಕು, ಆದರೆ ಬಿಡಬಾರದು. ನಿಂತಲ್ಲೇ ಓಟ, ಮಣಿಕಟ್ಟು ತಿರುಗಿಸುವುದು, ಪಾದದ ಗಂಟು ತಿರುಗಿಸುವುದು, ಭುಜ ಕಿವಿಯವರೆಗೆ ಎತ್ತಿ ಬಿಡುವುದು. ಆಮೇಲೆ ನಾಲ್ಕು ಕಾಲಲ್ಲಿ ಬೆಕ್ಕಿನ ಹಾಗೆ ಬೆನ್ನು ಉಬ್ಬಿಸಿ ತಗ್ಗಿಸುವುದು. ನಂತರ ಸ್ಟ್ಯಾಚ್ಯೂ ಆಟ. ಎಲ್ಲರೂ ಓಡಾಡುತ್ತಿರಲಿ, ನೀವು ಚಪ್ಪಾಳೆ ತಟ್ಟಿ ಒಂದು ಪ್ರಾಣಿಯ ಹೆಸರು ಕೂಗಿ, ಆ ಆಸನದಲ್ಲಿ ಎಲ್ಲರೂ ಹಾಗೇ ನಿಲ್ಲಲಿ. ಇದಕ್ಕೆ ಪಾಯಿಂಟ್ ಇಲ್ಲ. ಯಾರ ಮೈ ಹೇಗಿದೆ, ಯಾರಿಗೆ ಯಾವ ಆಸನ ಗೊತ್ತಿಲ್ಲ ಅಂತ ನೀವು ನೋಡಿಕೊಳ್ಳುವ ಸಮಯ ಇದು.

ಮೊದಲ ಸುತ್ತು: ಕಾಡು

ತಂಡ ವೃತ್ತವಾಗಿ ಒಳಮುಖ ಮಾಡಿ ನಿಲ್ಲಲಿ. ಎಲ್ಲರೂ ಎಡಗಾಲ ಮೇಲೆ ಭಾರ ಹಾಕಿ, ಬಲ ಅಂಗಾಲನ್ನು ಎಡಗಾಲಿನ ಒಳಬದಿಗೆ ಒತ್ತಿ ಇಡಬೇಕು. ಎಲ್ಲಿ ಇಡಬೇಕು ಅನ್ನುವುದಕ್ಕೆ ಮೂರು ಮೆಟ್ಟಿಲು ಹೇಳಿಕೊಡಿ. ಬೆರಳು ನೆಲದಲ್ಲೇ ಇದ್ದು ಹಿಮ್ಮಡಿ ಮಾತ್ರ ಕಾಲಿಗೆ ತಾಗಿಸುವುದು ಒಂದು, ಮೀನಖಂಡದ ಮೇಲೆ ಇಡುವುದು ಎರಡು, ತೊಡೆಯ ಒಳಗೆ ಇಡುವುದು ಮೂರು. ಮಂಡಿಯ ಮೇಲೆ ಮಾತ್ರ ಇಡಬಾರದು. ಮಂಡಿ ಹಿಂದೆ ಮುಂದೆ ಮಡಿಯುವುದಕ್ಕೆ ಮಾಡಿದ ಕೀಲು, ಪಕ್ಕದಿಂದ ಒತ್ತಿದರೆ ಅದಕ್ಕೆ ತೊಂದರೆ. ನಿಂತ ಕಾಲಿನ ಮಂಡಿಯನ್ನೂ ಹಿಂದಕ್ಕೆ ಗಟ್ಟಿಯಾಗಿ ನೂಕಬಾರದು, ಕೂದಲೆಳೆಯಷ್ಟು ಸಡಿಲ ಇರಲಿ. ಮೈ ತುಂಬಾ ಬಳುಕುವ ಮಕ್ಕಳು ಈ ತಪ್ಪನ್ನು ಜಾಸ್ತಿ ಮಾಡುತ್ತಾರೆ, ನೋಡುವವರಿಗೆ ಅದು ಚೆಂದವಾಗಿಯೂ ಕಾಣುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ.

ಈಗ ಎಲ್ಲರೂ ಎರಡೂ ಕೈ ಪಕ್ಕಕ್ಕೆ ಚಾಚಿ ಪಕ್ಕದವರ ಅಂಗೈಗೆ ಅಂಗೈ ಕೊಡಲಿ. ಹಿಡಿಯುವುದು ಬೇಡ, ಬರೀ ತಾಗಿಸುವುದು. ಹಿಡಿದರೆ ಒಬ್ಬರು ಬೀಳುವಾಗ ಇಬ್ಬರನ್ನು ಎಳೆದುಕೊಂಡು ಬೀಳುತ್ತಾರೆ. ನಾಯಕ ಐದು ಉಸಿರು ಎಣಿಸಬೇಕು, ಸೆಕೆಂಡು ಬೇಡ. ಆಮೇಲೆ ಇನ್ನೊಂದು ಕಾಲು.

ಇಷ್ಟಾದ ಮೇಲೆ ಅವರಿಗೆ ಒಂದು ಪ್ರಯೋಗ ಮಾಡಿಸಿ, ಇದು ನನಗೆ ತುಂಬಾ ಇಷ್ಟ. ಮೊದಲು ಎದುರಿನ ಗೋಡೆಯ ಒಂದೇ ಚುಕ್ಕೆ ನೋಡುತ್ತಾ ನಿಲ್ಲಲಿ. ಆಮೇಲೆ ಕತ್ತು ಆಚೆ ಈಚೆ ತಿರುಗಿಸುತ್ತಾ ನಿಲ್ಲಲಿ. ಆಮೇಲೆ, ಗೋಡೆಯ ಪಕ್ಕದಲ್ಲಿ, ಒಂದು ಕ್ಷಣ ಕಣ್ಣು ಮುಚ್ಚಲಿ. ಕಣ್ಣು ಮುಚ್ಚಿದ ಕೂಡಲೇ ಕಾಲು ನಡುಗುತ್ತದೆ. ಯಾಕೆ ಅಂತ ಕೇಳಿ, ಅವರೇ ಹೇಳುತ್ತಾರೆ. ನಮ್ಮನ್ನು ನೆಟ್ಟಗೆ ನಿಲ್ಲಿಸುವ ಸುದ್ದಿ ಮಿದುಳಿಗೆ ಮೂರು ಕಡೆಯಿಂದ ಬರುತ್ತದೆ: ಕಣ್ಣು, ಒಳಗಿವಿ, ಮತ್ತು ಅಂಗಾಲು, ಕೀಲು, ಸ್ನಾಯುಗಳು. ಒಂದನ್ನು ಮುಚ್ಚಿದರೆ ಉಳಿದ ಎರಡಕ್ಕೆ ಕೆಲಸ ಹೆಚ್ಚುತ್ತದೆ. ಅಂಗೈ ತಾಗಿಸಿದಾಗ ನಿಲ್ಲುವುದು ಸುಲಭ ಆಗುವುದೂ ಇದಕ್ಕೇ, ಪಕ್ಕದವನ ಅಂಗೈಯಿಂದಲೂ ಮೈಗೆ ಸುದ್ದಿ ಸಿಗುತ್ತದೆ. ಇದನ್ನು ಒಮ್ಮೆ ತಿಳಿದುಕೊಂಡ ಮಕ್ಕಳು ‘ನಂಗೆ ಬರಲ್ಲ’ ಅನ್ನುವುದನ್ನು ಬಿಟ್ಟು ಚುಕ್ಕೆ ಹುಡುಕಲು ಶುರು ಮಾಡುತ್ತಾರೆ.

ಎರಡನೇ ಸುತ್ತು: ಸೂರ್ಯನಮಸ್ಕಾರದ ರಿಲೇ

ಸೂರ್ಯನಮಸ್ಕಾರಕ್ಕೆ 12 ಹಂತ. ಪ್ರತಿ ಹಂತದ ಚಿತ್ರವನ್ನು ಒಂದೊಂದು ಚೀಟಿಯಲ್ಲಿ ಕಡ್ಡಿ ಗೊಂಬೆಯ ಹಾಗೆ ಬರೆದು, ಕಲಸಿ, ಪ್ರತಿ ತಂಡಕ್ಕೆ ಒಂದು ಕಟ್ಟು ಕೊಡಿ. ಮೊದಲ ಕೆಲಸ ಅವನ್ನು ಸರಿಯಾದ ಕ್ರಮದಲ್ಲಿ ನೆಲದ ಮೇಲೆ ಜೋಡಿಸುವುದು. ಇದರಲ್ಲಿ ಒಂದು ಗುಟ್ಟು ಇದೆ, ಮಕ್ಕಳೇ ಕಂಡುಹಿಡಿಯಲಿ, ಬೇಗ ಹೇಳಿಬಿಡಬೇಡಿ. ಮೊದಲನೆಯದೂ ಹನ್ನೆರಡನೆಯದೂ ಒಂದೇ. ಎರಡು ಮತ್ತು ಹನ್ನೊಂದು ಒಂದೇ, ಮೂರು ಮತ್ತು ಹತ್ತು ಒಂದೇ. ನಾಲ್ಕು ಮತ್ತು ಒಂಬತ್ತು ಕೂಡ ಒಂದೇ ಆಸನ, ಒಂದು ಕಾಲು ಹಿಂದಕ್ಕೆ ಚಾಚುವ ಅಶ್ವ ಸಂಚಲನಾಸನ. ಐದನೆಯದಕ್ಕೆ ಕೆಲವರು ಪರ್ವತಾಸನ (ಕೈಕಾಲು ನೆಲಕ್ಕೆ, ಸೊಂಟ ಮೇಲೆ) ಮಾಡುತ್ತಾರೆ, ಕೆಲವರು ಕೈಕಾಲು ನೆಲಕ್ಕೂರಿ ಮೈಯನ್ನು ದಂಡದ ಹಾಗೆ ನೇರ ಇಡುತ್ತಾರೆ. ಪರ್ವತಾಸನ ಇಟ್ಟುಕೊಂಡರೆ ಐದೂ ಎಂಟೂ ಒಂದೇ ಆಗುತ್ತದೆ, ಆಗ ಬೇರೆ ಬೇರೆ ಆಕಾರ ಇರುವುದು ಏಳೇ. ಹೋದ ದಾರಿಯಲ್ಲೇ ವಾಪಸ್ ಬರುವುದು ಅಂತ ಒಬ್ಬ ಹುಡುಗ ಒಮ್ಮೆ ಹೇಳಿದ, ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಜೋಡಿಸಿ ಆದ ಮೇಲೆ ತಂಡ ಸಾಲಾಗಿ ನಿಲ್ಲಲಿ. ಮೊದಲ ಮಗು ಮೊದಲ ಹಂತ ಮಾಡಿ ಹಾಗೇ ಇರಬೇಕು, ಎರಡನೆಯವರು ಎರಡನೇ ಹಂತ ಮಾಡಿ ಇರಬೇಕು. ಆರು ಮಕ್ಕಳಿದ್ದರೆ ಆರನೆಯವರು ಅಷ್ಟಾಂಗ ನಮಸ್ಕಾರಕ್ಕೆ (ಎಂಟು ಅಂಗ ನೆಲಕ್ಕೆ ತಾಗಿಸುವುದು) ಬರುವಾಗ ಸಾಲು ನೋಡಿದರೆ ಒಂದೇ ಮನುಷ್ಯನ ಚಲನೆಯನ್ನು ಆರು ಫೋಟೋ ತೆಗೆದ ಹಾಗೆ ಕಾಣುತ್ತದೆ. ಆಮೇಲೆ ಏಳನೆಯದರಿಂದ ಮತ್ತೆ ಮೊದಲ ಮಗುವಿನಿಂದ ಶುರು. ತಂಡದಲ್ಲಿ ಐವರೇ ಇದ್ದರೆ ಐದು, ಐದು, ಎರಡು ಅಂತ ಹಂಚಿಕೊಳ್ಳಲಿ. ಯಾವ ಹಂತ ಯಾರಿಗೆ ಬರುತ್ತದೆ ಅಂತ ಅವರೇ ಲೆಕ್ಕ ಹಾಕಿ, ಕಷ್ಟದ್ದು ಚಿಕ್ಕವರಿಗೆ ಬರದ ಹಾಗೆ ನಿಲ್ಲುವ ಕ್ರಮ ಬದಲಿಸಿಕೊಳ್ಳುತ್ತಾರೆ. ನೀವು ಹೇಳಿಕೊಡದೆಯೇ ಅದು ಆಗುತ್ತದೆ.

ಮೂರನೇ ಸುತ್ತು: ಸುರಂಗ

ತಂಡದವರು ಪಕ್ಕಪಕ್ಕದಲ್ಲಿ ಅಧೋಮುಖ ಶ್ವಾನಾಸನ ಮಾಡಲಿ. ಕೈ ನೆಲಕ್ಕೆ, ಕಾಲು ನೆಲಕ್ಕೆ, ಸೊಂಟ ಮೇಲೆ, ಬೆಟ್ಟದ ಹಾಗೆ. ಕೊನೆಯ ಮಗು ಎಲ್ಲರ ಹೊಟ್ಟೆಯ ಕೆಳಗೆ ತೆವಳಿ ಆ ತುದಿಯಲ್ಲಿ ಎದ್ದು ತಾನೂ ಬೆಟ್ಟ ಆಗಬೇಕು, ಆಮೇಲೆ ಮುಂದಿನವರು. ಹೀಗೆ ಎಲ್ಲರೂ ಒಂದು ಸಲ ಸುರಂಗ ದಾಟಬೇಕು. ಮಕ್ಕಳಿಗೆ ಪ್ರಾಣದಷ್ಟು ಇಷ್ಟ ಆಗುವ ಸುತ್ತು ಇದು, ಮತ್ತು ನೀವು ಜಾಸ್ತಿ ಹುಷಾರಾಗಿರಬೇಕಾದ ಸುತ್ತೂ ಇದೇ. ಸಮಯ ಅಳೆಯಬೇಡಿ. ಅಳೆದರೆ ತೆವಳುವವನು ನುಗ್ಗುತ್ತಾನೆ, ಮೇಲಿರುವವನ ಕೈ ಜಾರುತ್ತದೆ, ಮೂಗು ನೆಲಕ್ಕೆ ಬಡಿಯುತ್ತದೆ. ಸುರಂಗದ ಗೋಡೆಗೆ ಮೈ ತಾಗದ ಹಾಗೆ ದಾಟುವುದು ಅಂತ ನಿಯಮ ಇಡಿ, ಆಗ ತಾವೇ ನಿಧಾನ ಆಗುತ್ತಾರೆ. ಯಾರಿಗಾದರೂ ಮಣಿಕಟ್ಟು ಸೋತರೆ ‘ಮೊಲ’ ಅಂತ ಕೂಗಬಹುದು. ಕೂಗಿದ ಕೂಡಲೇ ಒಳಗಿರುವವರು ಹೊರಗೆ ಬರಬೇಕು, ಆಮೇಲೆ ಇಡೀ ತಂಡ ಶಶಾಂಕಾಸನದಲ್ಲಿ ಹಣೆ ನೆಲಕ್ಕಿಟ್ಟು ಮೂರು ಉಸಿರು ವಿಶ್ರಾಂತಿ ತೆಗೆದುಕೊಂಡು ಮುಂದುವರಿಸಬೇಕು. ಮೊಲ ಕೂಗಿದ್ದಕ್ಕೆ ಪಾಯಿಂಟ್ ಕಡಿಮೆ ಆಗುವುದಿಲ್ಲ.

ನಾಲ್ಕನೇ ಸುತ್ತು: ಜೋಡಿ ದೋಣಿ

ಇದು ಚಿಕ್ಕದು. ಹೆಚ್ಚುಕಡಿಮೆ ಒಂದೇ ಎತ್ತರದ ಇಬ್ಬರು ಎದುರುಬದುರು ಕೂತು, ಮಂಡಿ ಮಡಚಿ, ಕೈ ಹಿಡಿದು, ಒಂದೊಂದೇ ಕಾಲು ಎತ್ತಿ ಅಂಗಾಲಿಗೆ ಅಂಗಾಲು ಕೊಡಬೇಕು. ಮಂಡಿ ಮಡಚಿಕೊಂಡೇ ಇರಬಹುದು, ಬೆನ್ನು ಗೂನಾಗದಿದ್ದರೆ ಸಾಕು. ಸಾಧ್ಯವಾದರೆ ಮಾತ್ರ ಕಾಲು ನೇರ ಮಾಡಲಿ. ಐದು ಉಸಿರು. ತಂಡದಲ್ಲಿ ಬೆಸ ಸಂಖ್ಯೆ ಇದ್ದರೆ ಉಳಿದವರು ಉಸಿರು ಎಣಿಸಲಿ.

ಐದನೇ ಸುತ್ತು: ಕಥೆ

ಇದಕ್ಕೆ ಸಮಯ ಉಳಿಸಿಕೊಳ್ಳಿ. ಬೇಕಾದರೆ ದೋಣಿಯನ್ನು ಬಿಡಿ, ಕಥೆಯನ್ನು ಬಿಡಬೇಡಿ.

ಆಸನಗಳ ಹೆಸರಿನ ಚೀಟಿಗಳ ಡಬ್ಬ ಇಟ್ಟು ಪ್ರತಿ ತಂಡ ಐದು ಚೀಟಿ ಎತ್ತಲಿ. ತಾಡಾಸನ, ಭುಜಂಗಾಸನ, ಮಾರ್ಜಾಲಾಸನ, ಬದ್ಧಕೋಣಾಸನ (ಚಿಟ್ಟೆ ಅಂದರೆ ಎಲ್ಲರಿಗೂ ಗೊತ್ತು), ವೀರಭದ್ರಾಸನ, ಉತ್ಕಟಾಸನ, ಸೇತುಬಂಧಾಸನ, ಮಂಡೂಕಾಸನ, ಸಿಂಹಾಸನ, ನೌಕಾಸನ, ಹೀಗೆ. ಆ ಐದು ಆಸನ ಬರುವ ಹಾಗೆ ಒಂದು ಕಥೆ ಕಟ್ಟಿ ಮೈಯಲ್ಲೇ ಆಡಿ ತೋರಿಸಬೇಕು. ಒಬ್ಬರು ಕಥೆ ಹೇಳಬಹುದು, ಉಳಿದವರು ಮಾತಾಡಬಾರದು. ತಯಾರಿಗೆ ಐದು ನಿಮಿಷ, ಆಟಕ್ಕೆ ಎರಡು ನಿಮಿಷ.

ಒಮ್ಮೆ ಒಂದು ತಂಡಕ್ಕೆ ಸೇತುವೆ, ಕಪ್ಪೆ, ಹಾವು, ಮರ, ದೋಣಿ ಬಂದವು. ಸೇತುವೆ ಮುರಿದಿದೆ, ಕಪ್ಪೆ ಹೊಳೆ ದಾಟಬೇಕು, ದೋಣಿ ನಡೆಸುವವನು ಹಾವು. ಕಪ್ಪೆ ಹತ್ತುತ್ತದಾ ಇಲ್ಲವಾ? ನೋಡುತ್ತಿದ್ದ ಮೂರೂ ತಂಡದವರು ‘ಹತ್ತಬೇಡ, ಹತ್ತಬೇಡ’ ಅಂತ ಕೂಗುತ್ತಿದ್ದರು. ಹಾವಾಗಿದ್ದ ಹುಡುಗಿ ಭುಜಂಗಾಸನದಲ್ಲಿ ಎದೆ ಎತ್ತಿ ಇಷ್ಟಿಷ್ಟೇ ತಲೆ ತಿರುಗಿಸಿ ಕಪ್ಪೆಯನ್ನು ನೋಡಿದಳು ನೋಡಿ, ಅಷ್ಟು ಹೊತ್ತು ಅಷ್ಟು ಸಲೀಸಾಗಿ ಅವಳು ಆ ಆಸನದಲ್ಲಿ ಮೊದಲು ಎಂದೂ ಇರಲಿಲ್ಲ. ‘ಇನ್ನೂ ಐದು ಎಣಿಸು’ ಅಂತ ಯಾರೂ ಹೇಳಬೇಕಾಗಲಿಲ್ಲ. ಅವಳು ಆಸನ ಹಿಡಿದು ನಿಂತಿರಲಿಲ್ಲ, ಹಾವಾಗಿದ್ದಳು.

ಇಲ್ಲಿ ಒಂದು ಪಾಯಿಂಟ್ ಜಾಸ್ತಿ ಇಟ್ಟಿದ್ದೇನೆ. ಅದನ್ನು ನಾನು ಕೊಡುವುದಿಲ್ಲ, ಬೇರೆ ತಂಡಗಳು ಕೊಡುತ್ತವೆ. ಪ್ರತಿ ತಂಡ ತಮ್ಮದನ್ನು ಬಿಟ್ಟು ಇನ್ನೊಂದು ತಂಡಕ್ಕೆ ಒಂದು ಪಾಯಿಂಟ್ ಕೊಡಬೇಕು, ಯಾಕೆ ಅಂತಲೂ ಹೇಳಬೇಕು. ‘ಅವರ ಸೇತುವೆ ಚೆನ್ನಾಗಿತ್ತು’ ಅಂತ ಎದುರಾಳಿ ತಂಡದ ಬಾಯಿಂದ ಬಂದರೆ ಅದರ ಬೆಲೆಯೇ ಬೇರೆ.

ಆರನೇ ಸುತ್ತು: ಕೈದಾಟುವ ಗುನುಗು

ಈಗ ಇಳಿಸುವ ಸಮಯ. ತಂಡ ವೃತ್ತವಾಗಿ ಕೂರಲಿ, ಬೆನ್ನು ನೇರ, ಬಾಯಿ ಮುಚ್ಚಿ ದುಂಬಿಯ ಹಾಗೆ ‘ಮ್’ ಅಂತ ಗುನುಗಲಿ. ಭ್ರಾಮರಿ ಪ್ರಾಣಾಯಾಮದ ಸರಳ ರೂಪ ಇದು. ಯಾರು ಹೆಚ್ಚು ಹೊತ್ತು ಗುನುಗುತ್ತಾರೆ ಅಂತ ಸ್ಪರ್ಧೆ ಇಡಬೇಡಿ, ಮಕ್ಕಳು ಉಸಿರು ಪೂರಾ ಖಾಲಿ ಆಗುವವರೆಗೆ ತಳ್ಳಿ ಕೆಮ್ಮುತ್ತಾರೆ. ಬದಲಿಗೆ ಗುನುಗು ನಿಲ್ಲಬಾರದು ಅನ್ನುವುದು ನಿಯಮ. ಒಬ್ಬರ ಉಸಿರು ಮುಗಿಯುತ್ತಾ ಬಂದಾಗ ಪಕ್ಕದವರ ಮಂಡಿ ಮುಟ್ಟಬೇಕು, ಅವರು ಅಲ್ಲಿಂದ ಎತ್ತಿಕೊಳ್ಳಬೇಕು. ಮೂರು ಸುತ್ತು ಬಂದರೆ ಪೂರ್ತಿ ಪಾಯಿಂಟ್. ಕೋಣೆಯಲ್ಲಿ ಸದ್ದು ಎಷ್ಟು ಇಳಿಯುತ್ತದೆ ಅಂದರೆ, ಅರ್ಧ ಗಂಟೆ ಮೊದಲು ಇದೇ ಮಕ್ಕಳು ಸುರಂಗದಲ್ಲಿ ಕಿರುಚುತ್ತಿದ್ದರಾ ಅನ್ನಿಸುತ್ತದೆ.

ಯಾವುದನ್ನು ಇಡಲೇಬಾರದು

ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಬೇಡ. ಮೈಭಾರ ಕತ್ತಿನ ಮೇಲೆ ಬೀಳುವ ಯಾವುದನ್ನೂ ಗುಂಪಿನ ಆಟದಲ್ಲಿ, ಅದರಲ್ಲೂ ಗೆಲ್ಲುವ ಹುಮ್ಮಸ್ಸಿನಲ್ಲಿ ಮಾಡಿಸಬಾರದು. ಅವನ್ನು ಕಲಿಯುವುದಕ್ಕೆ ಬೇರೆ ಜಾಗ ಇದೆ, ಬೇರೆ ಸಮಯ ಇದೆ, ಪಕ್ಕದಲ್ಲಿ ಗುರು ಬೇಕು. ಚಕ್ರಾಸನವನ್ನೂ ನಾನು ಬಿಡುತ್ತೇನೆ. ಒಬ್ಬರ ಭುಜದ ಮೇಲೆ ಒಬ್ಬರು ಹತ್ತುವ ಪಿರಮಿಡ್ ಫೋಟೋಗೆ ಚೆನ್ನಾಗಿರುತ್ತದೆ, ನನ್ನ ಆಟದಲ್ಲಿ ಅದಕ್ಕೆ ಜಾಗ ಇಲ್ಲ. ಜೋರಾಗಿ ಉಸಿರು ತಳ್ಳುವ ಕಪಾಲಭಾತಿ, ಭಸ್ತ್ರಿಕಾ, ಉಸಿರು ಹಿಡಿದಿಡುವ ಕುಂಭಕ, ಇವೂ ಬೇಡ.

ಮತ್ತೊಂದು ಮಾತು ದೊಡ್ಡವರಿಗೆ. ಮಗು ಬಗ್ಗಿದಾಗ ಬೆನ್ನು ಒತ್ತಿ ‘ಇನ್ನೂ ಸ್ವಲ್ಪ’ ಅನ್ನಬೇಡಿ. ಎಷ್ಟು ಬಗ್ಗುತ್ತದೋ ಅಷ್ಟೇ. ನೋವು ಬಂದರೆ ಬಿಡಬೇಕು ಅಂತ ಮಕ್ಕಳಿಗೂ ಹೇಳಿ. ಸ್ನಾಯು ಎಳೆದ ಹಾಗೆ ಅನ್ನಿಸುವುದು ಬೇರೆ, ಕೀಲಿನಲ್ಲಿ ಚುಚ್ಚಿದ ಹಾಗೆ ಆಗುವುದು ಬೇರೆ.

ನಡುವೆ ಬರುವ ತಾಪತ್ರಯಗಳು

ಒಂದು ತಂಡ ತುಂಬಾ ಹಿಂದೆ ಬಿದ್ದರೆ ಆ ಮಕ್ಕಳ ಆಸೆ ಬತ್ತಿಹೋಗುತ್ತದೆ. 5 ಪಾಯಿಂಟಿನ ಲೆಕ್ಕದಲ್ಲಿ ಅಂತರ ಜಾಸ್ತಿ ಬೆಳೆಯುವುದಿಲ್ಲ, ಅದಕ್ಕೇ ನಾನು 10 ಇಟ್ಟಿಲ್ಲ. ಜಗಳ ಬಂದರೆ ಹೆಚ್ಚಿನ ಸಲ ಅದು ತಂಡದೊಳಗೇ ಬರುತ್ತದೆ, ‘ನಿನ್ನಿಂದಲೇ ಹೋಯಿತು’ ಅಂತ. ಆಗ ಆಟ ನಿಲ್ಲಿಸಿ, ಬೈದವನನ್ನೂ ಬೈಸಿಕೊಂಡವನನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಇಬ್ಬರೂ ಒಟ್ಟಿಗೆ ಹತ್ತು ಉಸಿರು ತೆಗೆದುಕೊಳ್ಳಲಿ. ಬೆನ್ನಿನಲ್ಲಿ ಇನ್ನೊಬ್ಬರ ಉಸಿರು ಗೊತ್ತಾಗುತ್ತದೆ. ಬುದ್ಧಿಮಾತು ಬೇಕಾಗುವುದಿಲ್ಲ.

ಕೈಗೆ ಪ್ಲಾಸ್ಟರ್ ಹಾಕಿದ ಮಗು, ಗಾಲಿಕುರ್ಚಿಯಲ್ಲಿ ಬರುವ ಮಗು ಇದ್ದರೆ ಅವರನ್ನು ಸ್ಕೋರ್ ಬರೆಯಲು ಕೂರಿಸಿ ಕೈ ತೊಳೆದುಕೊಳ್ಳಬೇಡಿ. ಕಾಡಿನ ಸುತ್ತಿನಲ್ಲಿ ಕುರ್ಚಿಯಲ್ಲಿ ಕೂತೇ ಕೈ ಎತ್ತಿ ಮರ ಆಗಬಹುದು, ಅಂಗೈ ಕೊಡಬಹುದು. ಉಸಿರು ಎಣಿಸುವುದು, ಕಥೆ ಹೇಳುವುದು, ಗುನುಗುವುದು, ಇವೆಲ್ಲ ತಂಡದ ಪೂರ್ತಿ ಕೆಲಸವೇ. ಆ ಮಗುವನ್ನೇ ಕೇಳಿ, ‘ನೀನು ಹೇಗೆ ಮಾಡ್ತೀಯಾ?’ ಅಂತ. ನಮಗೆ ಹೊಳೆಯದ ದಾರಿ ಅವರಿಗೆ ಹೊಳೆಯುತ್ತದೆ.

ಬಹುಮಾನ ಮತ್ತು ಶವಾಸನ

ಗೆದ್ದ ತಂಡಕ್ಕೆ ನಾನು ಕೊಡುವುದು ಒಂದು ಅಧಿಕಾರ: ಮುಂದಿನ ಸಲದ ಒಂದು ಹೊಸ ಸುತ್ತನ್ನು ಅವರು ಯೋಚಿಸಿ ತರಬೇಕು. ಮೇಲೆ ಹೇಳಿದ ಗುನುಗಿನ ಆಟ ಬಂದದ್ದು ಹಾಗೇ, ಮಕ್ಕಳಿಂದ.

ಫಲಿತಾಂಶವನ್ನು ಶವಾಸನಕ್ಕೆ ಮೊದಲೇ ಹೇಳಿಬಿಡಿ. ಮೊದಲೆಲ್ಲ ನಾನು ಕೊನೆಗೆ ಹೇಳುತ್ತಿದ್ದೆ, ಆಗ ಮಲಗಿದ ಮಕ್ಕಳೆಲ್ಲ ಒಂದು ಕಣ್ಣು ಅರ್ಧ ತೆರೆದು ಸ್ಕೋರ್ ಬೋರ್ಡನ್ನೇ ನೋಡುತ್ತಿದ್ದರು. ಈಗ ಹೇಳಿ, ಒಂದು ನಿಮಿಷ ಕುಣಿಯಲು ಬಿಟ್ಟು, ಆಮೇಲೆ ಮಲಗಿಸುತ್ತೇನೆ. ತಂಡ ಬಿಟ್ಟು ಎಲ್ಲರೂ ಬೆರೆತು ಮಲಗಲಿ. ಹೊಟ್ಟೆಯ ಮೇಲೆ ಒಂದು ಕಾಗದದ ದೋಣಿ ಇಡಿ. ಉಸಿರು ತೆಗೆದುಕೊಂಡಾಗ ದೋಣಿ ಮೇಲೆ, ಬಿಟ್ಟಾಗ ಕೆಳಗೆ. ದೋಣಿ ಮುಳುಗದ ಹಾಗೆ ಮೆಲ್ಲಗೆ ಉಸಿರಾಡಿ ಅಂತ ಒಮ್ಮೆ ಹೇಳಿ ನೀವೂ ಸುಮ್ಮನಾಗಿ. ಐದು ನಿಮಿಷ. ನಗು ಬರುತ್ತದೆ, ಒಂದು ದೋಣಿ ಉರುಳುತ್ತದೆ, ಬಿಟ್ಟುಬಿಡಿ, ಎರಡನೇ ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಒಬ್ಬಿಬ್ಬರು ನಿದ್ದೆ ಹೋಗುತ್ತಾರೆ. ಅವರನ್ನು ಕೂಗಿ ಎಬ್ಬಿಸಬೇಡಿ, ಬೆರಳು ಬೆರಳು ಅಲುಗಿಸಿ ಅಂತ ಎಲ್ಲರಿಗೂ ಹೇಳಿ, ಬಲಮಗ್ಗುಲಿಗೆ ಹೊರಳಿಸಿ, ಕೈ ಊರಿ ಮೆಲ್ಲಗೆ ಎದ್ದು ಕೂರಲು ಬಿಡಿ. ದೋಣಿಗಳನ್ನು ಮನೆಗೆ ಒಯ್ಯಬಹುದು.